ಮಗು, ಮನೆ, ಮೈಸೂರು ಚಿತ್ರ: ಮೂರನ್ನೂ ಒಟ್ಟಿಗೆ ನಡೆಸುವುದು ಹೇಗೆ

ನನ್ನ ಜೊತೆ ಮೈಸೂರು ಶೈಲಿಯ ಚಿತ್ರ ಕಲಿತ ಗೆಳತಿಯರಲ್ಲಿ ಸುಮಾರು ಜನ ಮಗು ಹುಟ್ಟಿದ ಮೇಲೆ ಬ್ರಷ್ ಎತ್ತಿಟ್ಟವರು ಮತ್ತೆ ಹಿಡಿಯಲೇ ಇಲ್ಲ. ಕೇಳಿದರೆ ಎಲ್ಲರದ್ದೂ ಒಂದೇ ಮಾತು: ಟೈಮ್ ಎಲ್ಲಿದೆ? ನಿಜ, ಟೈಮ್ ಇಲ್ಲ. ಮಗುವಿಗೆ ಐದು ವರ್ಷ ಆಗುವ ತನಕ ಮೊದಲಿನ ಹಾಗೆ ಇಡೀ ಮಧ್ಯಾಹ್ನ ಬೋರ್ಡಿನ ಮುಂದೆ ಕೂರುವ ಕಾಲ ಸಿಗುವುದಿಲ್ಲ. ಆದರೆ ಬೇರೆ ಥರದ ಟೈಮ್ ಸಿಗುತ್ತದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅಪರೂಪಕ್ಕೆ ಒಂದು ಗಂಟೆ. ಮೈಸೂರು ಚಿತ್ರದ ಒಂದು ಒಳ್ಳೆಯ ಗುಣ ಏನೆಂದರೆ ಅದರ ಕೆಲಸ ಹಂತ ಹಂತವಾಗಿ ಬಿಡಿಬಿಡಿಯಾಗಿಯೇ ಇದೆ. ಯಾವ ಹಂತಕ್ಕೆ ಎಂಥ ಟೈಮ್ ಬೇಕು ಅಂತ ಒಂದು ಸಲ ಕೂತು ಲೆಕ್ಕ ಹಾಕಿಕೊಂಡರೆ ಸಾಕು, ಕೆಲಸ ಮುಂದೆ ಹೋಗುತ್ತದೆ. ಈ ಲೇಖನ ಬರೆಯುತ್ತಿರುವುದು ಅದಕ್ಕೇ. ತಂಜಾವೂರು ಚಿತ್ರ, ಕಸೂತಿ, ಇನ್ನೊಂದು ಕಲೆ ಮಾಡುವವರೂ ಇದನ್ನು ತಮಗೆ ಬೇಕಾದ ಹಾಗೆ ತಿರುಗಿಸಿಕೊಳ್ಳಬಹುದು.

1. ಬ್ರಷ್ ಹಿಡಿಯುವ ಮೊದಲು ಸಾಮಾನಿನ ಪೆಟ್ಟಿಗೆ ತೆರೆದು ನೋಡಿ

ಇದನ್ನು ಮೊದಲಿಗೆ ಇಟ್ಟಿದ್ದಕ್ಕೆ ಕಾರಣ ಇದೆ. ಗರ್ಭಿಣಿಯರು, ಹಾಲುಣಿಸುವವರು, ತೆವಳುವ ಮಗು ಮನೆಯಲ್ಲಿ ಇರುವವರು ದಯವಿಟ್ಟು ಈ ಭಾಗ ಬಿಡಬೇಡಿ.

ಚಿತ್ರದಲ್ಲಿ ದೇವರ ಒಡವೆ, ಕಿರೀಟ, ಸೀರೆಯ ಅಂಚು ಉಬ್ಬಿ ಕಾಣಲಿ ಅಂತ ಚಿನ್ನದ ಹಾಳೆಯ ಕೆಳಗೆ ಹಚ್ಚುವ ಗೆಸ್ಸೊ ಅನ್ನುವ ಲೇಪ ಇದೆಯಲ್ಲ, ಅದಕ್ಕೆ ಹಿಂದಿನವರು ಬಳಸುತ್ತಿದ್ದುದು ಸೀಸದ ಬಿಳಿ ಪುಡಿ, ಜೊತೆಗೆ ಮಕ್ಕಿ (ಒಂದು ಮರದ ಹಳದಿ ಅಂಟು) ಮತ್ತು ಅಂಟು. ಸೀಸ ವಿಷ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ 4-5 ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಅದು ಗರ್ಭದೊಳಗಿನ ಮಗುವನ್ನೂ ಮುಟ್ಟುತ್ತದೆ, ಎದೆಹಾಲಿಗೂ ಸೇರುತ್ತದೆ. ಈಗ ಅಂಗಡಿಯಲ್ಲಿ ಸಫೇದ, ಅಂದರೆ ಗೆಸ್ಸೊದ ಬಿಳಿ ಪುಡಿ, ಅಂತ ಕೇಳಿದರೆ ಸಾಮಾನ್ಯವಾಗಿ ಕೊಡುವುದು ಜಿಂಕ್ ಆಕ್ಸೈಡ್. ಆದರೂ ಡಬ್ಬಿಯ ಮೇಲೆ ಏನಿದೆ ಅಂತ ಓದಿ. ಹೆಸರಿಲ್ಲದ ಪೊಟ್ಟಣ, ಯಾರೋ ಹಿರಿಯರು ಪ್ರೀತಿಯಿಂದ ಕೊಟ್ಟ ಹಳೆಯ ಪುಡಿ, ಇವನ್ನು ಮನೆಯೊಳಗೆ ತರಬೇಡಿ. ಕೆಂಪು ಬಣ್ಣದ ಇಂಗಳೀಕದಲ್ಲಿ ಪಾದರಸ ಇದೆ, ಹಳದಿ ಬಣ್ಣದ ಹರಿತಾಳದಲ್ಲಿ ಆರ್ಸೆನಿಕ್ ಇದೆ. ಹಳೆಯ ಪದ್ಧತಿಯಲ್ಲೇ ಬಣ್ಣ ಅರೆಯಬೇಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಮಗು ಚಿಕ್ಕದಿರುವಾಗ ಆ ಆಸೆಯನ್ನು ಪಕ್ಕಕ್ಕೆ ಇಡಿ, ಒಳ್ಳೆಯ ಕಂಪನಿಯ ಪೋಸ್ಟರ್ ಬಣ್ಣ ಅಥವಾ ವಾಟರ್ ಕಲರ್ ಸಾಕು.

ಜಿಂಕ್ ಆಕ್ಸೈಡ್ ಆದರೂ ಪುಡಿ ಹಾರಿಸಬಾರದು. ಮೊದಲು ಬಟ್ಟಲಿಗೆ ಅಂಟು ನೀರು ಹಾಕಿ, ಅದಕ್ಕೆ ಪುಡಿ ಸ್ವಲ್ಪ ಸ್ವಲ್ಪವೇ ಬಿಡಿ. ಒಣ ಪುಡಿಯನ್ನು ಮೇಲಿನಿಂದ ಸುರಿಯಬೇಡಿ. ಕೆಲಸ ಮುಗಿದ ಮೇಲೆ ನೆಲವನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಗುವನ್ನು ಎತ್ತಿಕೊಳ್ಳುವ ಮೊದಲು ಕೈಯನ್ನು ಸೋಪಿನಲ್ಲಿ ತೊಳೆಯಿರಿ, ಉಗುರಿನ ಸಂದಿಯನ್ನೂ ಸೇರಿಸಿ. ಕೆಲಸಕ್ಕೆ ಒಂದು ಹಳೆಯ ಅಂಗಿ ಇಟ್ಟುಕೊಂಡು ಎದ್ದ ತಕ್ಷಣ ಕಳಚಿಟ್ಟರೆ ಇನ್ನೂ ಒಳ್ಳೆಯದು.

ಇನ್ನೊಂದು ಅಭ್ಯಾಸ ಇದೆ, ಚಿತ್ರ ಬರೆಯುವವರಲ್ಲಿ ತುಂಬಾ ಜನರಿಗೆ. ಬ್ರಷ್ಷಿನ ತುದಿ ಚೂಪಾಗಲಿ ಅಂತ ತುಟಿಗೆ ತಾಗಿಸುವುದು. ಗೆರೆ ಎಳೆಯುವ ಮುಂಚೆ ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ. ಇದನ್ನು ಇವತ್ತೇ ಬಿಡಿ. ಮಕ್ಕಿಯ ಅಂಟು ಹೊಟ್ಟೆಗೆ ಹೋದರೆ ಜೋರು ಭೇದಿ ಮಾಡಿಸುವ ವಸ್ತು. ಅದೂ ಅಲ್ಲದೆ ಪಕ್ಕದಲ್ಲಿ ಕೂತ ಮಗು ಅಮ್ಮ ಮಾಡಿದ್ದನ್ನೇ ಮಾಡುತ್ತದೆ. ಒದ್ದೆ ಹತ್ತಿ ಬಟ್ಟೆಯ ಮಡಿಕೆಯ ಮೇಲೆ ಬ್ರಷ್ಷನ್ನು ಹೊರಳಿಸಿ ಎಳೆದರೆ ತುದಿ ಅಷ್ಟೇ ಚೂಪಾಗುತ್ತದೆ.

2. ಚಿತ್ರವನ್ನು ಟೈಮಿಗೆ ತಕ್ಕ ಹಾಗೆ ಬಿಡಿಸಿಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಯಾವ ಕೆಲಸವನ್ನು ಮಧ್ಯದಲ್ಲಿ ಬಿಟ್ಟು ಏಳಬಹುದು, ಯಾವುದನ್ನು ಬಿಡಲು ಆಗುವುದಿಲ್ಲ. ನನ್ನ ಲೆಕ್ಕ ಹೀಗಿದೆ.

ಕರಡು ಎಳೆಯುವುದು, ಟ್ರೇಸ್ ಮಾಡುವುದು, ಆಕಾಶ, ಬೆಟ್ಟ, ಮಂಟಪದಂಥ ಹಿನ್ನೆಲೆ ತುಂಬುವುದು, ಇವೆಲ್ಲ ಯಾವಾಗ ಬೇಕಾದರೂ ನಿಲ್ಲಿಸುವ ಕೆಲಸ. ಮಗು ಕೂಗಿದರೆ ಬ್ರಷ್ಷನ್ನು ನೀರಿಗೆ ಹಾಕಿ ಏಳಿ. ಒಂದೇ ಎಚ್ಚರಿಕೆ, ಒಂದು ಭಾಗಕ್ಕೆ ಬೇಕಾಗುವಷ್ಟು ಬಣ್ಣವನ್ನು ಒಂದೇ ಸಲ ಕಲಸಿಕೊಳ್ಳಿ. ಅರ್ಧಕ್ಕೆ ಮುಗಿದರೆ ಮತ್ತೆ ಅದೇ ಛಾಯೆ ಬರುವುದು ಕಷ್ಟ. ಮುಚ್ಚಳ ಇರುವ ಚಿಕ್ಕ ಡಬ್ಬಿಗಳಲ್ಲಿ ಕಲಸಿಟ್ಟು, ಮೇಲೆ ಯಾವ ಭಾಗದ ಬಣ್ಣ ಅಂತ ಚೀಟಿ ಅಂಟಿಸಿ. ಕಲಸುವುದನ್ನು ಹಗಲು ಬೆಳಕಿನಲ್ಲಿ ಮಾಡಿ. ರಾತ್ರಿ ಹಳದಿ ಬಲ್ಬಿನ ಕೆಳಗೆ ಸರಿಯಾಗಿ ಕಂಡ ಹಸಿರು ಬೆಳಿಗ್ಗೆ ಬೇರೆಯೇ ಆಗಿರುತ್ತದೆ.

ಗೆಸ್ಸೊ ಹಾಗಲ್ಲ. ಅದು ಬ್ರಷ್ಷಿನ ತುದಿಯಿಂದ ನೂಲಿನ ಹಾಗೆ ಇಳಿಯಬೇಕು, ಒಂದೇ ಓಟದಲ್ಲಿ ಸಾಗಬೇಕು. ಹಾರದ ಅರ್ಧಕ್ಕೆ ಎದ್ದು ಹೋಗಿ ಬಂದು ಮುಂದುವರಿಸಿದರೆ ಸೇರಿದ ಜಾಗ ಗಂಟಾಗಿ ಕಾಣುತ್ತದೆ, ಮೇಲೆ ಚಿನ್ನ ಹಾಕಿದ ಮೇಲೆ ಇನ್ನೂ ಎದ್ದು ಕಾಣುತ್ತದೆ. ಹಾಗಾಗಿ ಗೆಸ್ಸೊಗೆ ನನ್ನ ಅಳತೆ ನಿಮಿಷ ಅಲ್ಲ, ಒಡವೆ. ಒಂದು ಸಲ ಕೂತರೆ ಒಂದು ಓಲೆ, ಅಥವಾ ಒಂದು ವಂಕಿ, ಅಥವಾ ಕಿರೀಟದ ಒಂದು ಸಾಲು. ಮಗು ಮಲಗಿದ ತಕ್ಷಣ ಶುರು ಮಾಡಿ, ಆ ಒಡವೆ ಮುಗಿದ ಕೂಡಲೇ ನಿಲ್ಲಿಸಿ. ಇನ್ನೊಂದು ಮಾಡಿಬಿಡೋಣ ಅನ್ನಿಸುತ್ತದೆ, ಆಗಲೇ ಮಗು ಏಳುವುದು. ಮೈಸೂರು ಶೈಲಿಯ ಉಬ್ಬು ತಂಜಾವೂರಿನದರಷ್ಟು ದಪ್ಪ ಅಲ್ಲ, ನವಿರಾಗಿ ಪದರ ಪದರವಾಗಿ ಏರಿಸುವುದು. ಒಂದು ಪದರ ಒಣಗುವ ತನಕ ಇನ್ನೊಂದು ಹಾಕುವ ಹಾಗೇ ಇಲ್ಲ. ಅಂದರೆ ಈ ಕೆಲಸವೇ ಬಿಟ್ಟು ಬಿಟ್ಟು ಮಾಡಿ ಅಂತ ಹೇಳುತ್ತಿದೆ ಅಲ್ವಾ?

ಚಿನ್ನದ ಹಾಳೆ ಅಂಟಿಸುವುದು ಎಲ್ಲಕ್ಕಿಂತ ಕಷ್ಟದ್ದು. ಫ್ಯಾನ್ ಆಫ್ ಮಾಡಬೇಕು, ಕಿಟಕಿ ಮುಚ್ಚಬೇಕು, ಜೋರಾಗಿ ಉಸಿರು ಬಿಟ್ಟರೂ ಹಾಳೆ ಮಡಚಿಕೊಳ್ಳುತ್ತದೆ. ಅಂಟು ಒಣಗುವುದರೊಳಗೆ ಹಾಳೆ ಕೂರಬೇಕು. ಮಗು ಮಲಗಿದೆ ಅಂತ ಇದಕ್ಕೆ ಕೈ ಹಾಕಬೇಡಿ. ಮಗು ಮನೆಯಲ್ಲೇ ಇಲ್ಲದ ಒಂದು ಗಂಟೆ ಬೇಕು: ಶಾಲೆಗೆ ಹೋದಾಗ, ಅಜ್ಜಿ ಮನೆಗೆ ಹೋದಾಗ, ಅಪ್ಪ ಪಾರ್ಕಿಗೆ ಕರೆದುಕೊಂಡು ಹೋದಾಗ. ಮೂರು ನಾಲ್ಕು ಚಿತ್ರಗಳ ಗೆಸ್ಸೊ ಮುಗಿಸಿ ಇಟ್ಟುಕೊಂಡಿದ್ದರೆ ಆ ಒಂದು ಗಂಟೆಯಲ್ಲಿ ಎಲ್ಲದಕ್ಕೂ ಒಟ್ಟಿಗೆ ಚಿನ್ನ ಹಾಕಬಹುದು.

ಒಣಗಿದ ಚಿತ್ರದ ಮೇಲೆ ತೆಳು ಕಾಗದ ಇಟ್ಟು ನುಣುಪು ಕಲ್ಲಿನಿಂದ ಉಜ್ಜುವುದು ಸುಲಭ. ಶಾಲೆಗೆ ಹೋಗುವ ಮಗು ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದರೂ ನಡೆಯುತ್ತದೆ, ಮಾತಾಡಿಕೊಂಡೇ ಮಾಡಬಹುದು.

ಮುಖ ಮತ್ತು ಕಣ್ಣು ಮಾತ್ರ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ದಿನವಿಡೀ ದುಡಿದು ರಾತ್ರಿ ಹನ್ನೊಂದಕ್ಕೆ ಎಳೆದ ಹುಬ್ಬು ಎಷ್ಟು ಚೆನ್ನಾಗಿ ಬಂದೀತು? ನಿದ್ದೆ ಕದ್ದು ಚಿತ್ರ ಬರೆಯುವುದನ್ನು ತುಂಬಾ ಜನ ಹೊಗಳುತ್ತಾರೆ. ನಾನು ಒಪ್ಪುವುದಿಲ್ಲ. ಕೈ ನಡುಗುತ್ತದೆ, ಮರುದಿನ ಮಗುವಿನ ಮೇಲೆ ಸಿಡುಕುತ್ತೇವೆ, ಕೊನೆಗೆ ಚಿತ್ರದ ಮೇಲೇ ಬೇಜಾರು ಬರುತ್ತದೆ. ರಾತ್ರಿ ಮಾಡಲೇಬೇಕು ಅಂದರೆ ಟ್ರೇಸಿಂಗ್ ಮಾಡಿ, ಬ್ರಷ್ ತೊಳೆದಿಡಿ, ನಾಳೆಯ ಡಬ್ಬಿಗಳನ್ನು ಜೋಡಿಸಿಡಿ, ಮಲಗಿ.

3. ಎತ್ತಿಡಬಾರದ ಜಾಗ ಒಂದು ಬೇಕು

ಹದಿನೈದು ನಿಮಿಷ ಸಿಕ್ಕಿದಾಗ ಸಾಮಾನು ತೆಗೆಯಲು ಐದು, ಎತ್ತಿಡಲು ಐದು ಹೋದರೆ ಉಳಿಯುವುದೇನು? ಪ್ರತ್ಯೇಕ ಕೋಣೆ ಬೇಕಿಲ್ಲ. ಗೋಡೆಗೆ ಹೊಡೆದ ಮಡಚುವ ಹಲಗೆ, ಕಪಾಟಿನ ಒಂದು ಎತ್ತರದ ಖಾನೆ, ಬಾಗಿಲು ಹಾಕಿದರೆ ಮಗುವಿನ ಕೈಗೆ ಸಿಗದಂಥದ್ದು, ಸಾಕು. ಬಣ್ಣದ ಡಬ್ಬಿ, ಚಿನ್ನದ ಹಾಳೆ, ಅಂಟಿಸುವ ಚಿಕ್ಕ ಕಲ್ಲು, ಬ್ಲೇಡು ಎಲ್ಲಾ ಮೇಲೇ ಇರಲಿ. ಮೂರು ವರ್ಷದೊಳಗಿನ ಮಕ್ಕಳು ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ. ವಾರ್ನಿಷ್, ಟರ್ಪೆಂಟೈನ್ ಬಳಸುವುದಾದರೆ ಬಾಲ್ಕನಿಯಲ್ಲಿ, ಮಗು ಒಳಗಿದ್ದಾಗ.

ಸ್ವಲ್ಪ ದೊಡ್ಡ ಮಗುವಾದರೆ ಅದಕ್ಕೂ ಒಂದು ಸ್ವಂತ ಹಲಗೆ, ನೀರಲ್ಲಿ ತೊಳೆದರೆ ಹೋಗುವ ಬಣ್ಣ, ದಪ್ಪ ಬ್ರಷ್ ಕೊಡಿ. ನಿಮ್ಮ ಬ್ರಷ್ ಕೊಡಬೇಡಿ, ಅಳಿಲಿನ ಕೂದಲಿನ ಬ್ರಷ್ ಒಂದು ಸಲ ಅದುಮಿದರೆ ಮುಗಿಯಿತು. ಮಗು ಸುಮ್ಮನಿರಲಿ ಅಂತ ಫೋನ್ ಕೊಡುವ ಆಸೆ ಎಲ್ಲರಿಗೂ ಬರುತ್ತದೆ. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆ ಆದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಚಿತ್ರದ ಟೈಮಿಗೆ ಫೋನ್ ಅಂತ ರೂಢಿಯಾದರೆ ಆಮೇಲೆ ನೀವು ಬೋರ್ಡ್ ತೆಗೆದ ಕೂಡಲೇ ಮಗು ಫೋನ್ ಕೇಳುತ್ತದೆ.

4. ಕೈ, ಕುತ್ತಿಗೆ, ಬೆನ್ನು

ಹಾಲುಣಿಸುವಾಗ ಕುತ್ತಿಗೆ ಬಗ್ಗುತ್ತದೆ, ಭುಜ ಮುಂದಕ್ಕೆ ಬರುತ್ತದೆ. ಚಿತ್ರ ಬರೆಯುವಾಗಲೂ ಅದೇ ಭಂಗಿ. ಎರಡನ್ನೂ ಬಿಡುವಿಲ್ಲದೆ ಒಂದರ ಹಿಂದೆ ಒಂದು ಮಾಡಬೇಡಿ. ಹಾಲುಣಿಸಿ ಮಗುವನ್ನು ಮಲಗಿಸಿದ ಮೇಲೆ ಎದ್ದು ನಿಲ್ಲಿ, ಭುಜ ಹಿಂದಕ್ಕೆ ತಿರುಗಿಸಿ, ಗೋಡೆಗೆ ಬೆನ್ನು ಒತ್ತಿ ನಿಲ್ಲಿ, ಒಂದು ಲೋಟ ನೀರು ಕುಡಿಯಿರಿ, ಆಮೇಲೆ ಕೂರಿ. ಬೋರ್ಡನ್ನು ನೆಲದ ಮೇಲೆ ಚಪ್ಪಟೆ ಇಡದೆ ಓರೆಯಾಗಿ ನಿಲ್ಲಿಸಿ, ಆಗ ಚಿತ್ರ ಕಣ್ಣಿನ ಕಡೆ ಬರುತ್ತದೆ, ನೀವು ಚಿತ್ರದ ಕಡೆ ಬಗ್ಗಬೇಕಾಗಿಲ್ಲ. ಸಿಸೇರಿಯನ್ ಆದವರು ಮೊದಲ ಕೆಲವು ತಿಂಗಳು ನೆಲದ ಬದಲು ಕುರ್ಚಿ ಮೇಜು ನೋಡಿಕೊಳ್ಳಿ, ನೆಲದಿಂದ ಏಳುವಾಗ ಹೊಟ್ಟೆಯ ಮೇಲೆ ಭಾರ ಬೀಳುತ್ತದೆ.

ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕ ನೋವು ಬರುತ್ತಿದೆಯಾ? ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಕೈಯನ್ನು ನಿಧಾನಕ್ಕೆ ಕಿರುಬೆರಳಿನ ಕಡೆ ಬಗ್ಗಿಸಿ ನೋಡಿ. ಹೆಬ್ಬೆರಳಿನ ಕಡೆ ಚುಚ್ಚಿದ ಹಾಗೆ ನೋವಾದರೆ ಅದು ಡಿ ಕ್ವೆರ್ವೇನ್ ಅನ್ನುವ ತೊಂದರೆ ಇರಬಹುದು. ಅಲ್ಲಿನ ಸ್ನಾಯುರಜ್ಜುಗಳ ಹೊದಿಕೆ ಊದಿಕೊಳ್ಳುತ್ತದೆ. ಹೊಸ ತಾಯಂದಿರಲ್ಲಿ ಇದು ಸಾಮಾನ್ಯ, ಯಾಕೆಂದರೆ ಕಂಕುಳ ಕೆಳಗೆ ಹೆಬ್ಬೆರಳು ಅಗಲಿಸಿ ಮಗುವನ್ನು ಮತ್ತೆ ಮತ್ತೆ ಎತ್ತುತ್ತೇವೆ. ಅದೇ ಕೈಯಲ್ಲಿ ಸಣ್ಣ ಬ್ರಷ್ಷನ್ನು ಬಿಗಿಯಾಗಿ ಹಿಡಿದರೆ ನೋವು ಹೆಚ್ಚುತ್ತದೆ. ಎತ್ತುವಾಗ ಒಂದು ಅಂಗೈ ಮಗುವಿನ ಕುಂಡೆಯ ಕೆಳಗೆ, ಇನ್ನೊಂದು ಬೆನ್ನಿನ ಕೆಳಗೆ ಹಾಕಿ, ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಇರಲಿ. ಬ್ರಷ್ಷಿನ ಹಿಡಿಗೆ ಸ್ಪಂಜು ಅಥವಾ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ಎರಡು ವಾರದಲ್ಲಿ ಕಡಿಮೆ ಆಗದಿದ್ದರೆ ಮೂಳೆ ಡಾಕ್ಟರರನ್ನು ಕಾಣಿ, ಎಣ್ಣೆ ಹಚ್ಚಿಕೊಂಡು ತಿಂಗಳುಗಟ್ಟಲೆ ಕಾಯಬೇಡಿ.

ಕಣ್ಣಿಗೆ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡಿ. ನಲವತ್ತರ ಹತ್ತಿರ ಬಂದವರಿಗೆ ಸಣ್ಣ ಗೆರೆ ಮಸುಕಾದರೆ ಚಾಳೀಸಿನ ಕನ್ನಡಕ ಮಾಡಿಸಿ, ಅದರಲ್ಲಿ ನಾಚಿಕೆ ಏನಿಲ್ಲ. ಕೆಮ್ಮಿದಾಗ, ಸೀನಿದಾಗ ಮೂತ್ರ ಜಿನುಗುತ್ತಿದ್ದರೆ ಹೆತ್ತವರಿಗೆಲ್ಲ ಇದು ಇದ್ದದ್ದೇ ಅಂತ ಸುಮ್ನಿರಬೇಡಿ, ವ್ಯಾಯಾಮದಿಂದ ಸರಿಯಾಗುವ ಸಾಧ್ಯತೆ ಚೆನ್ನಾಗಿದೆ, ಫಿಸಿಯೊಥೆರಪಿಸ್ಟ್ ಕಲಿಸುತ್ತಾರೆ. ವಾರಕ್ಕೆ 150 ನಿಮಿಷದ ಚುರುಕು ನಡಿಗೆ ದೊಡ್ಡವರಿಗೆಲ್ಲ ಬೇಕು. ಮಗುವನ್ನು ಶಾಲೆಗೆ ಬಿಟ್ಟು ಬರುವ ದಾರಿಯೂ ಲೆಕ್ಕಕ್ಕೆ ಬರುತ್ತದೆ.

5. ಊಟ, ಮತ್ತೆ ಮನಸ್ಸು

ಚಿತ್ರಕ್ಕೆ ಕೂರುವ ಮುಂಚೆ ತಿನ್ನಿ. ಮಗು ಮಲಗಿದ್ದಾಗ ಮೊದಲು ಬ್ರಷ್, ಆಮೇಲೆ ತಿಂಡಿ ಅಂದರೆ ತಿಂಡಿ ಹನ್ನೊಂದೂವರೆಗೆ ಹೋಗುತ್ತದೆ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಜನರಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅರ್ಧಕ್ಕಿಂತ ಜಾಸ್ತಿ! ಕೂತಲ್ಲೇ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಅಂದರೆ ಸೋಮಾರಿತನ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಕಾಫಿ, ಟೀ ಜೊತೆ ಬೇಡ, ಒಂದು ಗಂಟೆಯಾದರೂ ಅಂತರ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ನುಂಗಬೇಡಿ. ಬಸ್ಸಾರು, ಉಪ್ಪುಸಾರು, ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ರಾಗಿ ಅಂಬಲಿ ಮಾಡಿ ಫ್ಲಾಸ್ಕಿನಲ್ಲಿ ಇಟ್ಟುಕೊಂಡರೆ ಒಂದು ಕೈಯಲ್ಲಿ ಮಗು ಇದ್ದರೂ ಕುಡಿಯಬಹುದು. ಬಾಣಂತಿಗೆ ನೀರು ಕಡಿಮೆ ಕೊಡಬೇಕು ಅನ್ನುವ ಮನೆಗಳು ಇನ್ನೂ ಇವೆ. ಹಾಲುಣಿಸುವಾಗ ಬಾಯಾರಿಕೆ ಜಾಸ್ತಿ, ಕೇಳಿದಷ್ಟು ನೀರು ಕುಡಿಯಲೇಬೇಕು.

ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ ಸುಮ್ನೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ಮನಸ್ಸು ಭಾರ, ಮಗುವಿನ ಮೇಲೆ ಆಸೆಯೇ ಇಲ್ಲ, ನಿದ್ದೆ ಬಂದರೂ ಮಲಗಲಾಗುವುದಿಲ್ಲ ಅಂದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಕಲೆ ಮನಸ್ಸಿಗೆ ಒಳ್ಳೆಯದು, ಹೌದು, ಆದರೆ ಅದು ಡಾಕ್ಟರರ ಬದಲಿಗೆ ಅಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗವೇ ಇದೆ.

6. ಮನೆಯವರ ಹತ್ತಿರ ಕೇಳುವ ರೀತಿ

"ಸ್ವಲ್ಪ ಹೆಲ್ಪ್ ಮಾಡಿ" ಅಂದರೆ ಏನೂ ಆಗುವುದಿಲ್ಲ. ಟೈಮ್, ಕೆಲಸ ಎರಡನ್ನೂ ಹೇಳಿ. "ಭಾನುವಾರ ಬೆಳಿಗ್ಗೆ 8ರಿಂದ 10 ಮಗುವಿನ ಸ್ನಾನ, ತಿಂಡಿ, ಬಟ್ಟೆ ಎಲ್ಲಾ ನಿಮ್ಮದು, ನಾನು ಬಾಗಿಲು ಹಾಕಿಕೊಂಡು ಮುಖ, ಕಣ್ಣು ಬರೆಯುತ್ತೇನೆ." ಹಾಗೆ ಹೇಳಿದ ಮೇಲೆ ಒಳಗಿನಿಂದ ಟವೆಲ್ ಎಲ್ಲಿದೆ ಅಂತ ಕೂಗಿ ಹೇಳುವುದನ್ನು ನಾವೂ ಬಿಡಬೇಕು. ಅವರು ಹುಡುಕಿಕೊಳ್ಳಲಿ, ಜಡೆ ಸೊಟ್ಟಗೆ ಬಂದರೆ ಬರಲಿ.

ಅತ್ತೆ, ಅಮ್ಮ ಜೊತೆಗಿದ್ದರೆ ಅವರಿಗೂ ಚಿತ್ರ ತೋರಿಸಿ, ಯಾವ ಹಂತದಲ್ಲಿದೆ ಅಂತ ಹೇಳಿ. ಸೀರೆಗೆ ಯಾವ ಬಣ್ಣದ ಅಂಚು ಒಪ್ಪುತ್ತೆ ಅಂತ ಕೇಳಿ ನೋಡಿ, ಅವರಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ? ಚಿತ್ರ ಏನು, ಎಷ್ಟು ಹೊತ್ತಿನ ಕೆಲಸ ಅಂತ ಗೊತ್ತಾದವರು ಮಧ್ಯದಲ್ಲಿ ಕರೆಯುವುದು ಕಡಿಮೆ. ಯಾರೂ ಇಲ್ಲದ ಮನೆಯಾದರೆ ಅಪಾರ್ಟ್‌ಮೆಂಟಿನ ಇನ್ನೊಬ್ಬ ತಾಯಿಯ ಜೊತೆ ಮಾತಾಡಿಕೊಳ್ಳಿ: ಶನಿವಾರ ಅವರ ಮಗು ನಿಮ್ಮ ಮನೆಯಲ್ಲಿ, ಭಾನುವಾರ ನಿಮ್ಮದು ಅವರ ಮನೆಯಲ್ಲಿ.

7. ಆರ್ಡರ್ ತೆಗೆದುಕೊಳ್ಳುವವರಿಗೆ

ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ದೀಪಾವಳಿ. ಚಿತ್ರ ಕೇಳುವವರೂ ಆಗಲೇ ಜಾಸ್ತಿ, ಮನೆಗೆಲಸವೂ ಆಗಲೇ ಜಾಸ್ತಿ. ಹಾಗಾಗಿ ಕ್ಯಾಲೆಂಡರನ್ನು ಹಿಂದಿನಿಂದ ಎಣಿಸಿ. ಮಳೆಗಾಲದ ತೇವದಲ್ಲಿ ಗೆಸ್ಸೊ ಒಣಗುವುದು ನಿಧಾನ, ಅದನ್ನು ಮೇ ಒಳಗೆ ಮುಗಿಸಿ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಆಷಾಢದ ಬೆಳಗುಗಳು ಸ್ವಲ್ಪ ಖಾಲಿ ಸಿಗುತ್ತವೆ, ಮದುವೆ ಮುಂಜಿ ಇರುವುದಿಲ್ಲ. ಚಿನ್ನ, ಮುಖ ಆಗ ಮಾಡಿ. ಮಕ್ಕಳ ಪರೀಕ್ಷೆಯ ಮಾರ್ಚ್‌ನಲ್ಲಿ ಹೊಸದೇನೂ ಒಪ್ಪಿಕೊಳ್ಳಬೇಡಿ.

ತಾರೀಖು ಹೇಳುವಾಗ ನಿಮಗೆ ಒಂದು ತಿಂಗಳು ಸಾಕು ಅನ್ನಿಸಿದರೆ ಎರಡು ತಿಂಗಳು ಹೇಳಿ. ಮಗುವಿಗೆ ಜ್ವರ ಬರುವುದು ಆರ್ಡರ್ ನೋಡಿಕೊಂಡಲ್ಲ. ಅರ್ಧ ಹಣ ಮುಂಗಡ ತೆಗೆದುಕೊಳ್ಳಿ, ಚಿನ್ನದ ಹಾಳೆ ಮತ್ತು ಫ್ರೇಮಿನ ಖರ್ಚು ಅದರಲ್ಲೇ ಆಗಲಿ. ಬೆಲೆ ಹಾಕುವಾಗ ನಿಮ್ಮ ಗಂಟೆಗಳನ್ನೂ ಸೇರಿಸಿ. ಮನೆಯಲ್ಲಿ ಕೂತು ಮಾಡಿದ್ದು ತಾನೇ ಅಂತ ಚೌಕಾಸಿ ಮಾಡುವವರಿಗೆ ಚಿಕ್ಕ ಸೈಜ್ ತೋರಿಸಿ, ಬೆಲೆ ಇಳಿಸಬೇಡಿ. ಹಣ ನಿಮ್ಮ ಹೆಸರಿನ ಖಾತೆಗೇ ಬರಲಿ. ಕರಕುಶಲಕರ್ಮಿಗಳಿಗೆ ಕೇಂದ್ರ ಸರ್ಕಾರ ಕೊಡುವ ಪೆಹಚಾನ್ ಕಾರ್ಡ್ ಮಾಡಿಸಿಟ್ಟುಕೊಂಡರೆ ಮೇಳ, ಯೋಜನೆಗಳಿಗೆ ಅರ್ಜಿ ಹಾಕುವಾಗ ಉಪಯೋಗ. ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿಯ ಒಂದು ಭಾನುವಾರ ನಡೆಸುವ ಚಿತ್ರಸಂತೆಗೆ ಹೋಗಬೇಕು ಅಂತಿದ್ದರೆ ದಸರೆಯ ಹೊತ್ತಿಗೇ ಅರ್ಜಿಯ ತಾರೀಖು ವಿಚಾರಿಸಲು ಶುರು ಮಾಡಿ, ಆ ಇಡೀ ಭಾನುವಾರ ಮಗು ಯಾರ ಹತ್ತಿರ ಅನ್ನುವುದನ್ನೂ ಆಗಲೇ ಗಟ್ಟಿ ಮಾಡಿಕೊಳ್ಳಿ.

8. ವರ್ಷಗಟ್ಟಲೆ ಬಿಟ್ಟು ಈಗ ಮತ್ತೆ ಶುರು ಮಾಡುವವರು

ದೊಡ್ಡ ಪಟ್ಟಾಭಿಷೇಕದ ಚಿತ್ರಕ್ಕೆ ಕೈ ಹಾಕಬೇಡಿ. ಮೊದಲ ಎರಡು ವಾರ ಬರೀ ಗೆರೆ: ಸೊನ್ನೆ ನಂಬರ್ ಬ್ರಷ್ಷಿನಲ್ಲಿ ಬಳ್ಳಿ, ದಳ, ಬೆರಳು, ಪಾದ. ದಿನಕ್ಕೆ ಹತ್ತು ನಿಮಿಷ ಸಾಕು. ಮೈಸೂರಿನ ಹತ್ತಿರ ಇದ್ದರೆ ಒಂದು ದಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ ಹಳೆಯ ಚಿತ್ರಗಳ ಮುಂದೆ ನಿಂತು ಗೆರೆ ಎಲ್ಲಿ ಶುರುವಾಗಿ ಎಲ್ಲಿ ಸಣ್ಣಗಾಗುತ್ತದೆ ಅಂತ ನೋಡಿ ಬನ್ನಿ, ಮಗುವನ್ನೂ ಕರೆದುಕೊಂಡು ಹೋಗಬಹುದು. ಆಮೇಲೆ ಎ4 ಅಳತೆಯಲ್ಲಿ ಒಂದೇ ಮೂರ್ತಿ, ಗಣಪತಿಯೋ ಸರಸ್ವತಿಯೋ, ಚಿನ್ನ ಇಲ್ಲದೆ ಪೂರ್ತಿ ಮುಗಿಸಿ. ಎರಡನೆಯದಕ್ಕೆ ಗೆಸ್ಸೊ ಸೇರಿಸಿ, ಕಡಿಮೆ ಬೆಲೆಯ ಇಮಿಟೇಷನ್ ಹಾಳೆಯಲ್ಲಿ ಕೈ ಪಳಗಿಸಿಕೊಳ್ಳಿ. ಅಸಲಿ ಚಿನ್ನದ ಹಾಳೆಯ ಪುಸ್ತಕ ಮೂರನೆಯ ಚಿತ್ರಕ್ಕೆ ತರಿಸಿ.